ದೊಡ್ಡ ಕಟ್ಟಡಗಳ ಹೊಗೆ ಎಲ್ಲಿ ಏಳುತ್ತದೆ? ವಿದುರಾಶ್ವತ್ಥದಿಂದ ಎಲ್ಲೂರಿನವರೆಗೆ ಒಂದು ಲೆಕ್ಕ

ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ನಮ್ಮ ಕರಾವಳಿಯ ಯುವಜನರು ಎಷ್ಟು ಮಂದಿ ಎಂಬ ಲೆಕ್ಕ ನಮ್ಮ ಬಳಿ ಇಲ್ಲ. ಆದರೆ ಕ್ರಿಸ್ಮಸ್ ಹಾಗೂ ತೆನೆ ಹಬ್ಬದ ಹಿಂದಿನ ರಾತ್ರಿಗಳಲ್ಲಿ ಶಿರಾಡಿ ಘಾಟಿ ಇಳಿಯುವ ಬಸ್ಸುಗಳ ಸಾಲನ್ನು ನೋಡಿದವರಿಗೆ ಅಂದಾಜು ಸಿಕ್ಕೇ ಸಿಗುತ್ತದೆ. ಇವರಲ್ಲಿ ಅನೇಕರು ದಿನದ ಒಂಬತ್ತು-ಹತ್ತು ಗಂಟೆಗಳನ್ನು ಕಳೆಯುವುದು ಗಾಜಿನ ಹೊದಿಕೆಯ, ಕಿಟಕಿ ತೆರೆಯಲಾಗದ, ಹವಾನಿಯಂತ್ರಿತ ಬಹುಮಹಡಿ ಕಟ್ಟಡಗಳಲ್ಲಿ. ಪರಿಸರ ದಿನದ ಅಂಗವಾಗಿ ನಮ್ಮ ಚರ್ಚ್‌ನಲ್ಲಿ ಏರ್ಪಡಿಸಿದ್ದ ಸಭೆಯಲ್ಲಿ ಅಂಥ ಯುವಕನೊಬ್ಬ ಕೇಳಿದ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ. "ಫಾದರ್, ಕಾರ್ಖಾನೆಯಿಂದ ಹೊಗೆ ಬರುತ್ತದೆ, ಲಾರಿಯಿಂದ ಬರುತ್ತದೆ, ಒಪ್ಪಿದೆ. ನಮ್ಮ ಆಫೀಸಿನಲ್ಲಿ ಒಂದು ಬೆಂಕಿಕಡ್ಡಿಯನ್ನೂ ಗೀರುವುದಿಲ್ಲ. ಹಾಗಿರುವಾಗ ದೊಡ್ಡ ಕಟ್ಟಡಗಳಿಂದ ಭೂಮಿ ಬಿಸಿಯಾಗುತ್ತದೆ ಎಂದರೆ ಹೇಗೆ?" ಎಂದು ಅವನು ಕೇಳಿದ.

ಫಾದರ್ ನಕ್ಕು ಪ್ರಶ್ನೆಯನ್ನು ನಮ್ಮ ಕಡೆ ತಿರುಗಿಸಿದರು. ಅಂದು ನಾವು ಕೊಟ್ಟ ಉತ್ತರ ನಮಗೇ ಸಮಾಧಾನ ತರಲಿಲ್ಲ. ಕೆಲವು ತಿಂಗಳ ಬಳಿಕ ಅದೇ ಯುವಜನರ ಜೊತೆ ಬೆಂಗಳೂರಿನಿಂದ ವಿದುರಾಶ್ವತ್ಥಕ್ಕೆ ಹೋಗಿಬರುವ ಸಂದರ್ಭ ಒದಗಿತು. ಉತ್ತರದ ಒಂದು ಭಾಗ ಆ ದಾರಿಯಲ್ಲಿ ಸಿಕ್ಕಿತು. ಇನ್ನೊಂದು ಭಾಗ ಸಿಕ್ಕಿದ್ದು ಊರಿಗೆ ಹಿಂದಿರುಗಿದ ಮೇಲೆ, ಪಡುಬಿದ್ರಿಯ ಹತ್ತಿರ.

ವಿದುರಾಶ್ವತ್ಥ ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರು ತಾಲೂಕಿನಲ್ಲಿ, ಆಂಧ್ರದ ಗಡಿಯ ಸಮೀಪ ಇರುವ ಸಣ್ಣ ಊರು. 1938ರ ಏಪ್ರಿಲ್ 25ರಂದು ರಾಷ್ಟ್ರಧ್ವಜ ಹಾರಿಸಲು ಸೇರಿದ್ದ ಜನರ ಮೇಲೆ ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದ್ದು ಇಲ್ಲಿಯೇ. 'ದಕ್ಷಿಣದ ಜಲಿಯನ್‌ವಾಲಾ ಬಾಗ್' ಎಂದು ಕರೆಯುವ ಆ ಸ್ಥಳದಲ್ಲಿ ಈಗ ಸ್ಮಾರಕವಿದೆ. ಮಹಾಭಾರತದ ವಿದುರನು ನೆಟ್ಟದ್ದೆಂದು ಜನರು ನಂಬಿಕೊಂಡು ಬಂದಿದ್ದ ಅಶ್ವತ್ಥ ಮರ 2001ರಲ್ಲಿ ಉರುಳಿಬಿತ್ತು. ಸ್ಮಾರಕ ನೋಡುವುದೇ ನಮ್ಮ ಉದ್ದೇಶವಾಗಿತ್ತು. ಆದರೆ ನಮ್ಮ ಯುವಜನರ ಕಣ್ಣು ಹೋದದ್ದು ಪಕ್ಕದ ನದಿಯ ಕಡೆಗೆ. ಉತ್ತರ ಪಿನಾಕಿನಿ ನಂದಿ ಬೆಟ್ಟದ ಸೀಮೆಯಲ್ಲಿ ಹುಟ್ಟಿ ಗೌರಿಬಿದನೂರಿನ ಮೂಲಕ ಆಂಧ್ರಕ್ಕೆ ಹೋಗುತ್ತದೆ. ಹೆಸರಿಗೆ ನದಿಯಾದರೂ ವರ್ಷದ ಹೆಚ್ಚಿನ ಕಾಲ ಅದರಲ್ಲಿ ನೀರು ಹರಿಯುವುದಿಲ್ಲ. ನೇತ್ರಾವತಿ, ಫಲ್ಗುಣಿಗಳನ್ನು ನೋಡಿ ಬೆಳೆದ ನಮ್ಮವರಿಗೆ ಅದನ್ನು ನದಿ ಎಂದು ನಂಬಿಸುವುದೇ ಕಷ್ಟವಾಯಿತು. ಮರಳೂ ಅಷ್ಟಕ್ಕಷ್ಟೇ. ಈ ನದಿಪಾತ್ರದ ಮರಳು ದಶಕಗಳ ಕಾಲ ಲಾರಿ ಹತ್ತಿ ಹೋಗಿದೆ. ಬೆಂಗಳೂರಿನ ಕಾಂಕ್ರೀಟು ಅದನ್ನು ನುಂಗಿದೆ.

ಹಿಂದಿರುಗುವಾಗ ಮಂಚೇನಹಳ್ಳಿ, ಚಿಕ್ಕಬಳ್ಳಾಪುರದ ದಾರಿ ಹಿಡಿದೆವು. ನದಿ ಮರಳು ಮುಗಿದ ಮೇಲೆ ಬಂದದ್ದು ಎಂ-ಸ್ಯಾಂಡ್, ಅಂದರೆ ಬಂಡೆಯನ್ನು ಪುಡಿಮಾಡಿ ತಯಾರಿಸಿದ ಮರಳು. ಅರ್ಧ ಕತ್ತರಿಸಿದ ಬೆಟ್ಟಗಳು, ಕ್ರಷರ್‌ಗಳ ಬಿಳಿ ಧೂಳು ಕುಳಿತ ಮರಗಿಡಗಳು, ಜಲ್ಲಿ ತುಂಬಿ ಬೆಂಗಳೂರಿನ ಕಡೆ ಓಡುವ ಟಿಪ್ಪರ್‌ಗಳು ಆ ಜಿಲ್ಲೆಯ ನಿತ್ಯದ ನೋಟ. 2021ರ ಫೆಬ್ರವರಿಯಲ್ಲಿ ಪೆರೇಸಂದ್ರದ ಸಮೀಪದ ಹಿರೇನಾಗವಲ್ಲಿಯಲ್ಲಿ ಕಲ್ಲುಕ್ವಾರಿಗೆಂದು ತಂದಿದ್ದ ಜಿಲೆಟಿನ್ ಸ್ಫೋಟಗೊಂಡು ಆರು ಮಂದಿ ಸತ್ತದ್ದನ್ನು ವಾಚಕರು ಪತ್ರಿಕೆಗಳಲ್ಲಿ ಓದಿರಬಹುದು. ಅದೇ ಹೆದ್ದಾರಿಯಲ್ಲಿ ಮುಂದೆ ಬಂದರೆ ದೇವನಹಳ್ಳಿ, ಯಲಹಂಕ, ಹೆಬ್ಬಾಳ. ಅಲ್ಲಿಂದ ಎರಡೂ ಬದಿಗೆ ಗಾಜಿನ ಕಟ್ಟಡಗಳು. ಪ್ರಶ್ನೆ ಕೇಳಿದ ಯುವಕ ಕಿಟಕಿಯಿಂದ ಹೊರಗೆ ನೋಡುತ್ತಾ ಸುಮ್ಮನೆ ಕುಳಿತಿದ್ದ.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಬೆಟ್ಟ ಒಡೆಯುವುದರಿಂದ ಆಗುವ ಹಾನಿ ಧೂಳು, ಶಬ್ದ, ಅಂತರ್ಜಲ ಮತ್ತು ಕೂಲಿಯವರ ಜೀವಕ್ಕೆ ಸಂಬಂಧಿಸಿದ್ದು. ಹಸಿರುಮನೆ ಅನಿಲದ ಲೆಕ್ಕದಲ್ಲಿ ಜಲ್ಲಿ, ಎಂ-ಸ್ಯಾಂಡ್‌ಗಳ ಪಾಲು ಕ್ರಷರಿನ ವಿದ್ಯುತ್ತು ಮತ್ತು ಟಿಪ್ಪರಿನ ಡೀಸೆಲ್‌ಗೆ ಸೀಮಿತ. ಅದು ದೊಡ್ಡದಲ್ಲ. ದೊಡ್ಡ ಪಾಲು ಇರುವುದು ಆ ಜಲ್ಲಿಯನ್ನು ಅಂಟಿಸುವ ಸಿಮೆಂಟಿನಲ್ಲಿ ಮತ್ತು ಅದರೊಳಗೆ ಕೂರುವ ಕಬ್ಬಿಣದಲ್ಲಿ.

ಸುಣ್ಣದ ಗೂಡಿನ ಪಾಠ

ಹಸಿರುಮನೆ ಅನಿಲಗಳು ಎಂದರೆ ಭೂಮಿಯಿಂದ ಹೊರಹೋಗಬೇಕಾದ ಶಾಖವನ್ನು ತಡೆದು ಹಿಡಿಯುವ ಅನಿಲಗಳು. ಮುಖ್ಯವಾದದ್ದು ಇಂಗಾಲದ ಡೈಆಕ್ಸೈಡ್. ಕಲ್ಲಿದ್ದಲು, ಡೀಸೆಲ್, ಕಟ್ಟಿಗೆ ಸುಟ್ಟಾಗ ಇದು ಹೊರಬರುತ್ತದೆ ಎಂಬುದು ಶಾಲೆಯ ಮಕ್ಕಳಿಗೂ ಗೊತ್ತು. ಕಲ್ಲಿನಿಂದಲೂ ಬರುತ್ತದೆ ಎಂಬುದು ಅಷ್ಟಾಗಿ ಗೊತ್ತಿಲ್ಲ.

ನಮ್ಮ ಹಿರಿಯರಿಗೆ ಸುಣ್ಣದ ಗೂಡಿನ ನೆನಪಿದೆ. ಹೊಳೆಯಿಂದ ತಂದ ಮರುವಾಯಿ ಚಿಪ್ಪನ್ನು ಗೂಡಿನಲ್ಲಿ ಸುಟ್ಟು ಸುಣ್ಣ ಮಾಡುತ್ತಿದ್ದರು. ಚಿಪ್ಪು ಸುಟ್ಟ ಮೇಲೆ ಹಗುರಾಗುತ್ತಿತ್ತು. ಕಡಿಮೆಯಾದ ತೂಕ ಎಲ್ಲಿಗೆ ಹೋಯಿತು? ಅದು ಅನಿಲವಾಗಿ ಗಾಳಿಗೆ ಸೇರಿತು. ಶುದ್ಧವಾದ 100 ಕಿಲೋ ಸುಣ್ಣದ ಕಲ್ಲನ್ನು ಪೂರ್ತಿ ಸುಟ್ಟರೆ ಉಳಿಯುವುದು 56 ಕಿಲೋ ಸುಣ್ಣ. ಮಿಕ್ಕ 44 ಕಿಲೋ ಇಂಗಾಲದ ಡೈಆಕ್ಸೈಡ್. ಸಿಮೆಂಟ್ ಕಾರ್ಖಾನೆಯಲ್ಲಿ ನಡೆಯುವುದೂ ಇದೇ. ನಮ್ಮ ರಾಜ್ಯದಲ್ಲಿ ಕಲಬುರಗಿ ಜಿಲ್ಲೆಯ ವಾಡಿ, ಸೇಡಂ, ಮಳಖೇಡ ಕಡೆಯ ಸುಣ್ಣದ ಕಲ್ಲು ಇದಕ್ಕೆ ಪ್ರಸಿದ್ಧ. ಗೂಡನ್ನು ಸುಮಾರು 1,450 ಡಿಗ್ರಿಯವರೆಗೆ ಕಾಯಿಸಲು ಸುಡುವ ಇಂಧನದ ಹೊಗೆ ಬೇರೆ. ಆದ್ದರಿಂದಲೇ ಕಾರ್ಖಾನೆಯನ್ನು ಪೂರ್ತಿ ಸೌರ ವಿದ್ಯುತ್ತಿನಲ್ಲಿ ನಡೆಸಿದರೂ ಕಲ್ಲಿನೊಳಗಿನ ಅನಿಲ ಮಾತ್ರ ಹೊರಬರುತ್ತಲೇ ಇರುತ್ತದೆ. ಜಗತ್ತಿನ ಇಂಗಾಲದ ಡೈಆಕ್ಸೈಡ್‌ನಲ್ಲಿ ಶೇಕಡ 7ರಿಂದ 8ರಷ್ಟು ಸಿಮೆಂಟ್ ಒಂದರಿಂದಲೇ ಬರುತ್ತದೆ.

ಭಾರತದಲ್ಲಿ ಹಾರುಬೂದಿ, ಉಕ್ಕಿನ ಕಾರ್ಖಾನೆಯ ಕಿಟ್ಟ ಮುಂತಾದವುಗಳನ್ನು ಬೆರೆಸುವುದರಿಂದ ನಮ್ಮ ಸಿಮೆಂಟಿನ ಲೆಕ್ಕ ಸ್ವಲ್ಪ ಕಡಿಮೆ. ಆದರೂ 50 ಕಿಲೋ ತೂಕದ ಒಂದು ಮೂಟೆಗೆ ಸುಮಾರು 30 ಕಿಲೋ ಇಂಗಾಲದ ಡೈಆಕ್ಸೈಡ್ ಎಂದು ಹಿಡಿಯಬಹುದು. ನಮ್ಮ ಗುತ್ತಿಗೆದಾರರ ಬಾಯಿಲೆಕ್ಕದಂತೆ ಒಂದು ಚದರ ಅಡಿಗೆ 0.4 ಮೂಟೆ ಸಿಮೆಂಟ್ ಮತ್ತು 4 ಕಿಲೋ ಕಬ್ಬಿಣ ಬೇಕು. ಹತ್ತು ಲಕ್ಷ ಚದರ ಅಡಿಯ ಕಟ್ಟಡಕ್ಕೆ 4 ಲಕ್ಷ ಮೂಟೆ ಸಿಮೆಂಟ್, ಅಂದರೆ 12,000 ಟನ್ ಅನಿಲ. ಕಬ್ಬಿಣ 4,000 ಟನ್. ಬಳ್ಳಾರಿಯ ತೋರಣಗಲ್ಲಿನಂಥ ಕಡೆ ಕಲ್ಲಿದ್ದಲಿನಿಂದ ತಯಾರಾಗುವ ಉಕ್ಕಿಗೆ ಟನ್ನಿಗೆ ಎರಡರಿಂದ ಎರಡೂವರೆ ಟನ್ ಅನಿಲ ಎಂದು ಇಟ್ಟುಕೊಂಡರೆ ಇನ್ನೂ 8,000ದಿಂದ 10,000 ಟನ್. ಇದು ಸ್ಥೂಲ ಲೆಕ್ಕವೇ ಹೊರತು ಯಾವುದೇ ನಿರ್ದಿಷ್ಟ ಕಟ್ಟಡದ ಲೆಕ್ಕವಲ್ಲ. ಆದರೆ ಗೃಹಪ್ರವೇಶದ ರಿಬ್ಬನ್ ಕತ್ತರಿಸುವ ಮೊದಲೇ ಕಟ್ಟಡದ ಖಾತೆಯಲ್ಲಿ ಸುಮಾರು 20,000 ಟನ್ ಬಿದ್ದಿರುತ್ತದೆ ಎಂಬುದು ಇದರಿಂದ ತಿಳಿಯುತ್ತದೆ. ಕೇಳುವವರಾರು? ಹೊಗೆ ಎದ್ದದ್ದು ಕಲಬುರಗಿಯಲ್ಲಿ, ಬಳ್ಳಾರಿಯಲ್ಲಿ.

ಎಲ್ಲೂರಿನ ಚಿಮಣಿ

ಕಟ್ಟುವುದು ಒಮ್ಮೆ. ಬಳಸುವುದು ಐವತ್ತು ವರ್ಷ. ಹವಾನಿಯಂತ್ರಿತ ಕಚೇರಿ ಕಟ್ಟಡ ಒಂದು ಚದರ ಮೀಟರಿಗೆ ವರ್ಷಕ್ಕೆ 150ರಿಂದ 200 ಯೂನಿಟ್ ವಿದ್ಯುತ್ ಬಳಸುವುದು ನಮ್ಮ ದೇಶದಲ್ಲಿ ಸಾಮಾನ್ಯ. ಹತ್ತು ಲಕ್ಷ ಚದರ ಅಡಿ ಎಂದರೆ ಸುಮಾರು 93,000 ಚದರ ಮೀಟರ್. 180 ಯೂನಿಟ್ ಹಿಡಿದರೆ ವರ್ಷಕ್ಕೆ ಒಂದೂ ಮುಕ್ಕಾಲು ಕೋಟಿಗೆ ಸ್ವಲ್ಪ ಕಡಿಮೆ ಯೂನಿಟ್ ಆಗುತ್ತದೆ. ದೇಶದ ವಿದ್ಯುತ್ ಜಾಲದಲ್ಲಿ ಒಂದು ಯೂನಿಟ್ಟಿಗೆ ಸರಾಸರಿ 0.7 ಕಿಲೋ ಇಂಗಾಲದ ಡೈಆಕ್ಸೈಡ್ ಬೀಳುತ್ತದೆ. ಅಂದರೆ ವರ್ಷಕ್ಕೆ ಸುಮಾರು 12,000 ಟನ್. ಕಟ್ಟಡಕ್ಕೆ ಸುರಿದ ಸಿಮೆಂಟಿನಷ್ಟೇ ಅನಿಲವನ್ನು ಅದರ ಸ್ವಿಚ್ಚುಗಳು ಒಂದೇ ವರ್ಷದಲ್ಲಿ ಹೊರಹಾಕುತ್ತವೆ. ಎರಡನೆಯ ವರ್ಷ ಮತ್ತೆ ಅಷ್ಟು, ಮೂರನೆಯ ವರ್ಷ ಮತ್ತೆ ಅಷ್ಟು.

ಈ ಹೊಗೆ ಎಲ್ಲಿ ಏಳುತ್ತದೆ ಎಂದು ನಮ್ಮ ಜನರಿಗೆ ವಿವರಿಸುವ ಅಗತ್ಯವಿಲ್ಲ. ಪಡುಬಿದ್ರಿ ದಾಟುವಾಗ ಹೆದ್ದಾರಿಯಿಂದಲೇ ಎಲ್ಲೂರಿನ ಉಷ್ಣ ವಿದ್ಯುತ್ ಸ್ಥಾವರದ ಚಿಮಣಿ ಕಾಣುತ್ತದೆ. ತಲಾ 600 ಮೆಗಾವ್ಯಾಟಿನ ಎರಡು ಘಟಕಗಳು, ಒಟ್ಟು 1,200 ಮೆಗಾವ್ಯಾಟ್. ಮೊದಲ ಘಟಕ 2010ರಲ್ಲಿ ಆರಂಭವಾಯಿತು. ಕಲ್ಲಿದ್ದಲು ಹೊರದೇಶದಿಂದ ಹಡಗಿನಲ್ಲಿ ಪಣಂಬೂರಿನ ನವಮಂಗಳೂರು ಬಂದರಿಗೆ ಬಂದು ಅಲ್ಲಿಂದ ರೈಲಿನಲ್ಲಿ ಹೋಗುತ್ತದೆ. ಬೂದಿ, ಉಪ್ಪು ನೀರಿನ ಹನಿ, ಮಲ್ಲಿಗೆ ಮತ್ತು ತೆಂಗಿನ ಬೆಳೆಗಾದ ಹಾನಿಯ ಬಗ್ಗೆ ಎಲ್ಲೂರು, ನಂದಿಕೂರು, ಸಾಂತೂರು ಕಡೆಯ ಜನರು ಎತ್ತಿದ ದೂರುಗಳು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೆ ಹೋಗಿದ್ದವು. ತಯಾರಾದ ವಿದ್ಯುತ್ತು ಎತ್ತರದ ಗೋಪುರಗಳ ಮೇಲಿನ ತಂತಿಯಲ್ಲಿ ಘಟ್ಟ ಹತ್ತಿ ಹಾಸನದ ಕಡೆಗೆ ಹೋಗಿ ರಾಜ್ಯದ ಜಾಲವನ್ನು ಸೇರುತ್ತದೆ.

ಜಾಲಕ್ಕೆ ಸೇರಿದ ಮೇಲೆ ಯಾವ ಯೂನಿಟ್ ಯಾವ ಕಟ್ಟಡಕ್ಕೆ ಹೋಯಿತು ಎಂದು ಯಾರೂ ಹೇಳಲಾರರು. ಕೆರೆಗೆ ಹತ್ತು ತೋಡುಗಳ ನೀರು ಬಂದು ಬೆರೆತ ಹಾಗೆ. ರಾಯಚೂರು, ಬಳ್ಳಾರಿಯ ಕಲ್ಲಿದ್ದಲು, ಶರಾವತಿಯ ನೀರು, ಕೈಗಾದ ಅಣು, ಚಿತ್ರದುರ್ಗದ ಗಾಳಿ, ಪಾವಗಡದ ಬಿಸಿಲು ಎಲ್ಲವೂ ಅದರಲ್ಲಿ ಇವೆ. ಆದರೆ ಆ ಕೆರೆಯಿಂದ ಅತಿ ಹೆಚ್ಚು ನೀರೆತ್ತುವವರು ಯಾರು ಎಂಬುದು ಗೊತ್ತು. ರಾಜ್ಯದ ವಿದ್ಯುತ್ ಸರಬರಾಜು ಕಂಪೆನಿಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಕೊಳ್ಳುವುದು ಬೆಸ್ಕಾಂ. ಬೆಂಗಳೂರಿನ ಕಟ್ಟಡಗಳೂ ವಿದುರಾಶ್ವತ್ಥದ ರೈತನ ಕೊಳವೆಬಾವಿಯ ಪಂಪೂ ಇದೇ ಬೆಸ್ಕಾಂನ ಗ್ರಾಹಕರು. ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ಕಡೆ ಸಾವಿರ ಅಡಿ ದಾಟಿದ ಕೊಳವೆಬಾವಿಗಳು ಅಪರೂಪವಲ್ಲ. ಹಿಪ್ಪುನೇರಳೆ ತೋಟ, ರೇಷ್ಮೆ ಎಲ್ಲವೂ ಅದನ್ನೇ ನಂಬಿಕೊಂಡಿವೆ. 2023ರ ಬರಗಾಲದಲ್ಲಿ ವಿದ್ಯುತ್ ಕೊರತೆಯಾದಾಗ ಪಂಪ್‌ಸೆಟ್ಟುಗಳಿಗೆ ದಿನಕ್ಕೆ ಐದು ಗಂಟೆ ಮಾತ್ರ ಮೂರು ಫೇಸ್ ಕೊಡುವ ನಿರ್ಧಾರವಾಗಿ, ರೈತರ ಪ್ರತಿಭಟನೆಯ ಬಳಿಕ ಅದನ್ನು ಏಳು ಗಂಟೆಗೆ ಏರಿಸಲಾಯಿತು. ಆ ತಿಂಗಳುಗಳಲ್ಲಿ ಯಾವುದಾದರೂ ಟೆಕ್ ಪಾರ್ಕಿನ ಹವಾನಿಯಂತ್ರಣ ದಿನಕ್ಕೆ ಐದೇ ಗಂಟೆ ನಡೆದ ಸುದ್ದಿಯನ್ನು ನಾವಂತೂ ಕೇಳಲಿಲ್ಲ.

ನೆರೆಯ ತುಮಕೂರು ಜಿಲ್ಲೆಯ ಪಾವಗಡದಲ್ಲಿ ರೈತರ ಸುಮಾರು 13,000 ಎಕರೆ ಜಮೀನನ್ನು ಗುತ್ತಿಗೆಗೆ ಪಡೆದು 2,050 ಮೆಗಾವ್ಯಾಟಿನ ಸೌರ ಪಾರ್ಕ್ ನಿರ್ಮಿಸಲಾಗಿದೆ. ಕಚೇರಿ ಕಟ್ಟಡಗಳಿಗೆ ವಿದ್ಯುತ್ ಹೆಚ್ಚು ಬೇಕಾಗುವುದು ಹಗಲಿನಲ್ಲಿ, ಸೌರ ವಿದ್ಯುತ್ ಸಿಗುವುದೂ ಹಗಲಿನಲ್ಲಿ. ಈ ದೃಷ್ಟಿಯಿಂದ ಜೋಡಿ ಚೆನ್ನಾಗಿದೆ. ಆದರೆ ಅಮೆರಿಕದ ಗಡಿಯಾರ ನೋಡಿಕೊಂಡು ರಾತ್ರಿ ಪಾಳಿ ನಡೆಸುವ ಕಟ್ಟಡಕ್ಕೆ ಈ ಅನುಕೂಲ ಇಲ್ಲ. ವರ್ಷಕ್ಕೆ ಇಷ್ಟು ಕೋಟಿ ಯೂನಿಟ್ ಸೌರ ವಿದ್ಯುತ್ ಕೊಂಡಿದ್ದೇವೆ, ಆದ್ದರಿಂದ ನಮ್ಮ ಲೆಕ್ಕ ಸೊನ್ನೆ ಎಂದು ಕಂಪೆನಿಗಳು ವಾರ್ಷಿಕ ವರದಿಯಲ್ಲಿ ಬರೆಯುವಾಗ, ಸಂಜೆ ಏಳರ ನಂತರ ತಂತಿಯಲ್ಲಿ ಬಂದದ್ದು ಹೆಚ್ಚಾಗಿ ಕಲ್ಲಿದ್ದಲಿನದ್ದೇ ಎಂಬ ಮಾತು ಅಲ್ಲಿ ಕಾಣುವುದಿಲ್ಲ. ಕೊಂಡದ್ದು ಒಳ್ಳೆಯದೇ. ಸೊನ್ನೆ ಎಂಬುದು ಸ್ವಲ್ಪ ಹೆಚ್ಚಾಯಿತು ಎಂಬುದು ನಮ್ಮ ಅಭಿಪ್ರಾಯ.

ಕಣ್ಣಿಗೆ ಬೀಳದ ಇನ್ನು ಕೆಲವು

ಏಸಿ ಯಂತ್ರದೊಳಗಿನ ಅನಿಲದ ಬಗ್ಗೆ ನಮ್ಮಲ್ಲಿ ಚರ್ಚೆಯೇ ಆಗುವುದಿಲ್ಲ. ಆರ್-410ಎ ಎಂಬ ಅನಿಲ ಒಂದು ಕಿಲೋ ಸೋರಿದರೆ ಅದು ಸುಮಾರು ಎರಡು ಟನ್ ಇಂಗಾಲದ ಡೈಆಕ್ಸೈಡಿನಷ್ಟು ಶಾಖ ಹಿಡಿಯುತ್ತದೆ. ಹಳೆಯ ಯಂತ್ರಗಳಲ್ಲಿರುವ ಆರ್-22 ಕೂಡ ಹೆಚ್ಚು ಕಡಿಮೆ ಅಷ್ಟೇ, ಜೊತೆಗೆ ಓಜೋನ್ ಪದರಕ್ಕೂ ಹಾನಿ. ಈಚೆಗೆ ಬರುತ್ತಿರುವ ಆರ್-32 ಅದರ ಮೂರನೇ ಒಂದು ಭಾಗ. 'ಗ್ಯಾಸ್ ಹಾಕಿಸುವುದು' ಎಂದು ಪ್ರತಿ ಬೇಸಗೆಯಲ್ಲಿ ನಾವು ಹೇಳುತ್ತೇವಲ್ಲ, ಹಿಂದಿನ ಸಲ ಹಾಕಿಸಿದ್ದು ಎಲ್ಲಿಗೆ ಹೋಯಿತು ಎಂದು ಕೇಳುವುದಿಲ್ಲ. ಈ ಅನಿಲಗಳನ್ನು ಹಂತ ಹಂತವಾಗಿ ಕಡಿಮೆ ಮಾಡಲು 2016ರಲ್ಲಿ ರುವಾಂಡಾ ದೇಶದ ಕಿಗಾಲಿಯಲ್ಲಿ ಒಪ್ಪಂದವಾಗಿದ್ದು, ಭಾರತ 2021ರಲ್ಲಿ ಅದನ್ನು ಅಂಗೀಕರಿಸಿದೆ.

ಡೀಸೆಲ್ ಜನರೇಟರಿನದು ನೇರ ಹೊಗೆ. ಲೀಟರಿಗೆ 2.7 ಕಿಲೋ.

ನೀರಿನ ಕಥೆ ಇನ್ನೂ ವಿಚಿತ್ರ. ಬೆಂಗಳೂರಿನ ಬಹುಮಹಡಿ ಕಟ್ಟಡದ ನಲ್ಲಿಯಲ್ಲಿ ಬರುವ ಕಾವೇರಿ ನೀರು ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, ಮೂರು ಹಂತಗಳಲ್ಲಿ ಒಟ್ಟು 500 ಮೀಟರಿನಷ್ಟು ಎತ್ತರಕ್ಕೆ ಪಂಪ್ ಆಗಿ ಬರುತ್ತದೆ. ಜಲಮಂಡಳಿಯ ಖರ್ಚಿನಲ್ಲಿ ದೊಡ್ಡ ಪಾಲು ವಿದ್ಯುತ್ ಬಿಲ್ಲಿನದೇ. ಬಳಸಿ ಬಿಟ್ಟ ನೀರು ಅಲ್ಲಿಗೆ ಮುಗಿಯುವುದಿಲ್ಲ. ಹೆಬ್ಬಾಳ-ನಾಗವಾರ ಕಣಿವೆ ಯೋಜನೆಯಲ್ಲಿ ಅದನ್ನು ಸಂಸ್ಕರಿಸಿ ಮತ್ತೆ ಪಂಪ್ ಮಾಡಿ ಚಿಕ್ಕಬಳ್ಳಾಪುರದ ಕೆರೆಗಳಿಗೆ ತುಂಬಿಸಲಾಗುತ್ತಿದೆ. ಎರಡು ಹಂತದ ಶುದ್ಧೀಕರಣ ಸಾಲದು, ಮೂರನೆಯ ಹಂತವೂ ಆಗಬೇಕು ಎಂದು ಆ ಜಿಲ್ಲೆಯ ನೀರಾವರಿ ಹೋರಾಟಗಾರರು ಪಟ್ಟು ಹಿಡಿದಿದ್ದಾರೆ. ಮರಳೂ ಕಲ್ಲೂ ಅಲ್ಲಿಂದ ಇತ್ತ ಬಂದವು, ಕೊಳೆನೀರು ಇತ್ತಣಿಂದ ಅತ್ತ ಹೋಯಿತು.

ನ್ಯೂಯಾರ್ಕ್‌ನಲ್ಲಿ ದಂಡ, ನಮ್ಮಲ್ಲಿ ಸಂಹಿತೆ

ಹೊಗೆ ಎಲ್ಲೇ ಏಳಲಿ, ಲೆಕ್ಕ ಕಟ್ಟಡದ ಹೆಸರಿನಲ್ಲಿ ಬರೆಯಬೇಕು ಎಂಬ ತತ್ವವನ್ನು ಜಗತ್ತಿನ ಕೆಲವು ನಗರಗಳು ಒಪ್ಪಿಕೊಂಡಿವೆ. ಟೋಕಿಯೊ ನಗರ 2010ರಲ್ಲೇ ದೊಡ್ಡ ಕಟ್ಟಡಗಳಿಗೆ ಮಿತಿ ಹಾಕಿ, ಮಿತಿಗಿಂತ ಕಡಿಮೆ ಬಳಸಿದವರು ಉಳಿಕೆಯನ್ನು ಮಾರುವ ವ್ಯವಸ್ಥೆ ತಂದಿತು. ನ್ಯೂಯಾರ್ಕ್ ನಗರ 2019ರಲ್ಲಿ 97ನೇ ಸ್ಥಳೀಯ ಕಾನೂನನ್ನು ಮಾಡಿತು. ಅದರಂತೆ 25,000 ಚದರ ಅಡಿಗಿಂತ ದೊಡ್ಡದಾದ ಹೆಚ್ಚಿನ ಕಟ್ಟಡಗಳಿಗೆ 2024ರಿಂದ ಅನಿಲದ ಮಿತಿ ಇದ್ದು, 2030ರಿಂದ ಅದು ಬಿಗಿಯಾಗುತ್ತದೆ. ಮಿತಿ ಮೀರಿದ ಪ್ರತಿ ಟನ್ನಿಗೆ ವರ್ಷಕ್ಕೆ 268 ಡಾಲರ್ ದಂಡ. ಕಟ್ಟಡ ಹೊಸದಿರಲಿ, ನೂರು ವರ್ಷದ ಹಳೆಯದಿರಲಿ, ಬಿಲ್ಲಿನಲ್ಲಿ ಬಂದ ಯೂನಿಟ್ಟೇ ಸಾಕ್ಷಿ.

ನಮ್ಮ ದೇಶದಲ್ಲಿ 2001ರ ಇಂಧನ ಸಂರಕ್ಷಣಾ ಕಾಯ್ದೆಯ ಆಧಾರದಲ್ಲಿ 2007ರಲ್ಲಿ ಕಟ್ಟಡಗಳ ಇಂಧನ ಸಂಹಿತೆ ಹೊರಬಂತು. 2017ರಲ್ಲಿ ಅದನ್ನು ಪರಿಷ್ಕರಿಸಲಾಯಿತು. 2022ರಲ್ಲಿ ಕಾಯ್ದೆಗೆ ತಿದ್ದುಪಡಿಯಾಗಿ ವಸತಿ ಸಮುಚ್ಚಯಗಳೂ ಅದರ ವ್ಯಾಪ್ತಿಗೆ ಬಂದವು. ಸಾಮಾನ್ಯವಾಗಿ 100 ಕಿಲೋವ್ಯಾಟ್‌ಗಿಂತ ಹೆಚ್ಚಿನ ಸಂಪರ್ಕವಿರುವ ಕಟ್ಟಡಗಳಿಗೆ ಇದು ಅನ್ವಯ. ಗೋಡೆಯಲ್ಲಿ ಕಿಟಕಿಯ ಗಾಜು ಶೇಕಡ 40ನ್ನು ಮೀರಬಾರದು, ಚಾವಣಿಗೆ ಶಾಖ ತಡೆಯುವ ಪದರ ಬೇಕು ಮುಂತಾದ ನಿಯಮಗಳು ಅದರಲ್ಲಿವೆ. ಒಳ್ಳೆಯ ನಿಯಮಗಳೇ. ಆದರೆ ಇವು ಮುಖ್ಯವಾಗಿ ಹೊಸ ಕಟ್ಟಡದ ನಕ್ಷೆಯನ್ನು ನೋಡುತ್ತವೆ, ಕಟ್ಟಿದ ಮೇಲೆ ಬರುವ ಬಿಲ್ಲನ್ನು ಅಲ್ಲ. ನಕ್ಷೆಯಲ್ಲಿ ಜಾಣನಾಗಿದ್ದ ಕಟ್ಟಡ ಬಳಕೆಯಲ್ಲಿ ದುಂದುಗಾರನಾದರೆ ಕೇಳುವವರಿಲ್ಲ.

ಬೆಂಗಳೂರಿನ ಹವಾಮಾನ ಕ್ರಿಯಾ ಯೋಜನೆಯನ್ನು ಆಗಿನ ಬಿಬಿಎಂಪಿ 2023ರ ನವೆಂಬರಿನಲ್ಲಿ ಬಿಡುಗಡೆ ಮಾಡಿತು. ನಗರದ ಹಸಿರುಮನೆ ಅನಿಲದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ವಾಹನಗಳದ್ದಲ್ಲ, ಕಟ್ಟಡಗಳೊಳಗೆ ಬಳಸುವ ವಿದ್ಯುತ್ ಮತ್ತು ಇಂಧನದ್ದು ಎಂದು ಅದರ ಲೆಕ್ಕ ತೋರಿಸಿದೆ. ಟ್ರಾಫಿಕ್‌ನಲ್ಲಿ ಕುಳಿತು ಬೈಯುವ ನಮಗೆ ಇದು ಆಶ್ಚರ್ಯ ತರುವ ಸಂಗತಿ. 2050ರೊಳಗೆ ನಿವ್ವಳ ಸೊನ್ನೆ ಎಂಬುದು ಯೋಜನೆಯ ಗುರಿ. 2025ರಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಮತ್ತು ಐದು ನಗರ ಪಾಲಿಕೆಗಳು ಬಂದಿವೆ.

ಗಬ್ಬು ಚರಂಡಿಯ ಪಕ್ಕದ ಕಟ್ಟಡ

ಎಲ್ಲ ದೊಡ್ಡ ಕಟ್ಟಡಗಳೂ ಒಂದೇ ಎಂದು ವಾಚಕರು ಭಾವಿಸಬಾರದು. ಬೆಂಗಳೂರಿನ ದೊಮ್ಮಲೂರಿನಲ್ಲಿ 'ಟೆರಿ' ಸಂಸ್ಥೆಯ ಕಚೇರಿ ಇದೆ. ವಾಸ್ತುಶಿಲ್ಪಿ ಸಂಜಯ್ ಮೋಹೆಯವರು ಇದನ್ನು ವಿನ್ಯಾಸ ಮಾಡುವಾಗ ನಿವೇಶನದ ದಕ್ಷಿಣಕ್ಕೆ ವಾಸನೆ ಹೊಡೆಯುವ ರಾಜಕಾಲುವೆ ಇತ್ತು. ಬೇರೆಯವರಾದರೆ ಸುತ್ತ ಗಾಜು ಮುಚ್ಚಿ ಏಸಿ ಹಾಕುತ್ತಿದ್ದರೇನೋ. ಇಲ್ಲಿ ದಕ್ಷಿಣಕ್ಕೆ ಕಿಟಕಿಯಿಲ್ಲದ ಎರಡು ಪದರದ ಗೋಡೆ ಕಟ್ಟಿ, ಹೊರಗೆ ಕಪ್ಪು ಕಡಪ ಕಲ್ಲು ಹೊದಿಸಿದರು. ಬಿಸಿಲಿಗೆ ಕಲ್ಲು ಕಾಯುತ್ತದೆ, ಪದರಗಳ ನಡುವಿನ ಗಾಳಿ ಬಿಸಿಯಾಗಿ ಮೇಲಕ್ಕೆ ಹೋಗುತ್ತದೆ, ಅದರ ಜಾಗಕ್ಕೆ ಉತ್ತರದ ಕಿಟಕಿಗಳಿಂದ ತಂಪು ಗಾಳಿ ಒಳಬಂದು ಇಡೀ ಕಟ್ಟಡವನ್ನು ಹಾದುಹೋಗುತ್ತದೆ. ನಮ್ಮ ಅಡಿಗೆಮನೆಯ ಹೊಗೆಗೂಡಿನ ತತ್ವವೇ. ಹೆಚ್ಚಿನ ಭಾಗಕ್ಕೆ ಏಸಿ ಬೇಕಾಗಿಲ್ಲ. ಬೆಂಗಳೂರಿನ ಹವೆಯಲ್ಲಿ ಇದು ಸಾಧ್ಯವಿರುವಾಗ ಬಿಸಿಲಿಗೆ ಗಾಜು ಒಡ್ಡಿ, ಒಳಬಂದ ಶಾಖವನ್ನು ಯಂತ್ರದಿಂದ ಹೊರಹಾಕುವ ರೂಢಿ ಯಾಕೆ ಬಂತು ಎಂಬುದಕ್ಕೆ ಬಾಡಿಗೆಯ ದರ ಮತ್ತು ನೋಟದ ಹೊರತು ಬೇರೆ ಕಾರಣ ನಮಗೆ ಹೊಳೆಯುವುದಿಲ್ಲ.

ಗೋಡೆಗೂ ಬೇರೆ ದಾರಿ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರದಲ್ಲಿ ಪ್ರೊ. ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು ಸ್ವಲ್ಪವೇ ಸಿಮೆಂಟ್ ಬೆರೆಸಿ ಯಂತ್ರದಲ್ಲಿ ಒತ್ತಿದ ಮಣ್ಣಿನ ಇಟ್ಟಿಗೆಯನ್ನು ಅಭಿವೃದ್ಧಿಪಡಿಸಿದರು. ಗೂಡಿನಲ್ಲಿ ಸುಡುವ ಕೆಲಸ ಇಲ್ಲದ್ದರಿಂದ ಇದಕ್ಕೆ ಬೇಕಾದ ಇಂಧನ ಸುಟ್ಟ ಇಟ್ಟಿಗೆಯ ಅರ್ಧಕ್ಕಿಂತಲೂ ಕಡಿಮೆ. ನಮ್ಮ ಮುರಕಲ್ಲು ಆ ಮಟ್ಟಿಗೆ ಹುಟ್ಟುತ್ತಲೇ ಸಿದ್ಧವಾದ ಇಟ್ಟಿಗೆ. ಕಡಿದು ತಂದರೆ ಸಾಕು, ಸುಡಬೇಕಾಗಿಲ್ಲ. ಮಂಗಳೂರು ಹಂಚಿನ ಬಗ್ಗೆ ಹಾಗೆ ಹೇಳುವಂತಿಲ್ಲ. ಅದನ್ನು ಸುಡಲು ಎಷ್ಟು ಕಟ್ಟಿಗೆ ಹೋಯಿತು ಎಂಬುದು ಹಳಬರಿಗೆ ಗೊತ್ತಿದೆ.

ನಮ್ಮ ಸಭಾಭವನದ ಬಿಲ್ಲು

ಕಚೇರಿ ಕಟ್ಟಡಗಳ ಬಗ್ಗೆ ಇಷ್ಟು ಬರೆದು ನಮ್ಮ ಕಟ್ಟಡಗಳ ಬಗ್ಗೆ ಸುಮ್ಮನಿದ್ದರೆ ಸರಿಯಾಗದು. ಕರಾವಳಿಯ ಪೇಟೆಗಳಲ್ಲಿ ದೊಡ್ಡ ಕಟ್ಟಡಗಳು ಯಾರದು ಎಂದು ಕೇಳಿದರೆ ಬರುವ ಉತ್ತರದಲ್ಲಿ ಶಾಲೆ, ಕಾಲೇಜು, ಆಸ್ಪತ್ರೆ, ಸಭಾಭವನಗಳ ಮೂಲಕ ಧರ್ಮಸಭೆಯ ಹೆಸರೂ ಇದೆ. ಪೋಪ್ ಫ್ರಾನ್ಸಿಸ್‌ರವರು 2015ರ 'ಲೌದಾತೊ ಸಿ' ವಿಶ್ವಪತ್ರದಲ್ಲಿ ಅತಿಬಳಕೆಯ ಸರಳ ಉದಾಹರಣೆಯಾಗಿ ಎತ್ತಿಕೊಂಡದ್ದು ಏಸಿಯನ್ನೇ. ಅದಕ್ಕೂ ಮೊದಲು, ಪೋಪ್ ಹದಿನಾರನೇ ಬೆನೆಡಿಕ್ಟರ ಕಾಲದಲ್ಲಿ, 2008ರಲ್ಲಿ ವ್ಯಾಟಿಕನ್‌ನ ಆರನೇ ಪೌಲ್ ಸಭಾಭವನದ ಚಾವಣಿಗೆ 2,400 ಸೌರಫಲಕಗಳನ್ನು ಜೋಡಿಸಲಾಗಿತ್ತು.

ಹಳೆಯ ಚರ್ಚುಗಳನ್ನು ಕಟ್ಟಿದ ಗುರುಗಳು ಎತ್ತರದ ಮಾಡು, ಎದುರುಬದುರು ಬಾಗಿಲು, ಮೇಲೆ ಗಾಳಿಗಂಡಿ ಇಟ್ಟು ನಮ್ಮ ಸೆಕೆಯನ್ನು ನಿಭಾಯಿಸಿದ್ದರು. ಈಗ ಮದುವೆಗೆ ಹಾಲ್ ಹುಡುಕುವವರ ಮೊದಲ ಪ್ರಶ್ನೆ "ಏಸಿ ಉಂಟಾ?" ಎಂಬುದು. ಸೆಕೆ ನಿಜ, ಕೋಟು ಹಾಕಿದ ಮದುಮಗನ ಕಷ್ಟವೂ ನಿಜ. ಆದ್ದರಿಂದ ಏಸಿಯೇ ಬೇಡ ಎಂದು ನಾವು ಹೇಳುವುದಿಲ್ಲ. ಆದರೆ 18 ಡಿಗ್ರಿಗೆ ಇಟ್ಟು, ಬಾಗಿಲು ತೆರೆದು, ಹೊರಗೆ ಜನರೇಟರ್ ಓಡಿಸುವುದು ಬೇರೆಯೇ ವಿಷಯ. ಉಷ್ಣಾಂಶ ಒಂದು ಡಿಗ್ರಿ ಏರಿಸಿದರೆ ಸುಮಾರು ಶೇಕಡ 6ರಷ್ಟು ವಿದ್ಯುತ್ ಉಳಿಯುತ್ತದೆ ಎಂದು ಕೇಂದ್ರದ ಇಂಧನ ದಕ್ಷತಾ ಬ್ಯೂರೋ ಹೇಳುತ್ತದೆ. 2020ರಿಂದ ಹೊಸ ಏಸಿಗಳು ತಾವಾಗಿ 24 ಡಿಗ್ರಿಯಲ್ಲಿ ಆರಂಭವಾಗುವುದು ಇದೇ ಕಾರಣಕ್ಕೆ.

ಲೆಕ್ಕ ಹಾಕುವುದು ಕಷ್ಟವಲ್ಲ. ಪಾಲನಾ ಮಂಡಳಿಯ ಕಾರ್ಯದರ್ಶಿಗಳು ಹನ್ನೆರಡು ತಿಂಗಳ ಮೆಸ್ಕಾಂ ಬಿಲ್ಲುಗಳನ್ನು ಒಟ್ಟುಮಾಡಿ, ಹಣದ ಕಾಲಂ ಬಿಟ್ಟು ಯೂನಿಟ್ಟಿನ ಕಾಲಂ ಕೂಡಿಸಿ 0.7ರಿಂದ ಗುಣಿಸಿದರೆ ಇಂಗಾಲದ ಡೈಆಕ್ಸೈಡ್ ಕಿಲೋಗಳಲ್ಲಿ ಸಿಗುತ್ತದೆ. ತಿಂಗಳಿಗೆ 3,000 ಯೂನಿಟ್ ಬಳಸುವ ಸಭಾಭವನದ್ದು ವರ್ಷಕ್ಕೆ 25 ಟನ್ ಆಗುತ್ತದೆ. ಜನರೇಟರಿಗೆ ಹಾಕಿದ ಡೀಸೆಲ್ ಲೀಟರುಗಳನ್ನು 2.7ರಿಂದ ಗುಣಿಸಿ ಸೇರಿಸಬೇಕು. ಏಸಿಗೆ ತುಂಬಿಸಿದ ಗ್ಯಾಸಿನ ಕಿಲೋವನ್ನೂ ಮೆಕ್ಯಾನಿಕ್‌ನಿಂದ ಬರೆಸಿಕೊಳ್ಳಬೇಕು. ನಮ್ಮ ಯುವಜನರು ಈ ಕೆಲಸಕ್ಕೆ ಕುಳಿತಾಗ ಮೊದಲು ಗೊತ್ತಾದದ್ದು, ಒಂದೂ ಕಾರ್ಯಕ್ರಮವಿಲ್ಲದ ಮಳೆಗಾಲದ ತಿಂಗಳುಗಳಲ್ಲೂ ಬಿಲ್ಲು ಅರ್ಧಕ್ಕಿಂತ ಕೆಳಗೆ ಇಳಿದಿರಲಿಲ್ಲ ಎಂಬುದು. ಹುಡುಕಿದಾಗ ಇಡೀ ರಾತ್ರಿ ಉರಿಯುವ ಹಳೆಯ ದೊಡ್ಡ ದೀಪಗಳು ಮತ್ತು ಟ್ಯಾಂಕ್ ತುಂಬಿ ಹರಿದರೂ ನಿಲ್ಲದ ಪಂಪು ಸಿಕ್ಕಿದವು. ಪಂಪಿಗೆ ತಾನಾಗಿ ನಿಲ್ಲುವ ಸ್ವಿಚ್ ಹಾಕಿಸಲಾಗಿದೆ. ದೀಪಗಳ ವಿಷಯ ಇನ್ನೂ ಸಭೆಯ ಮುಂದಿದೆ.

ಪ್ರಶ್ನೆ ಕೇಳಿದ್ದ ಆ ಯುವಕ ಬೆಂಗಳೂರಿಗೆ ಹಿಂದಿರುಗಿ ತಾನು ಕೆಲಸ ಮಾಡುವ ಕಟ್ಟಡದ ನಿರ್ವಹಣೆಯವರಲ್ಲಿ ಇಡೀ ವರ್ಷದ ಯೂನಿಟ್ಟಿನ ಲೆಕ್ಕ ಕೇಳಿದನಂತೆ. ಅಂಥ ಮಾಹಿತಿಯನ್ನು ನೌಕರರಿಗೆ ಕೊಡುವ ಪದ್ಧತಿ ಇಲ್ಲ ಎಂಬ ಉತ್ತರ ಬಂತು. ಲಿಖಿತವಾಗಿ ಇನ್ನೊಮ್ಮೆ ಕೇಳಿದ್ದಾನೆ. ಈ ಲೇಖನ ಬರೆಯುವ ಹೊತ್ತಿಗೆ ಜವಾಬು ಬಂದಿಲ್ಲ.